ಎರವಲು ಕಾರು, ಪಂಚೆಯ ಗಿರಾಕಿ

“ಅರ್ಧ ಕೋಟಿಯ ಕಾರಿಟ್ಟವರ ಗೋಳು ಬರೆಯುವುದಕ್ಕೆ ಕನ್ನಡ ಮಾಸ್ತರೇ ಬೇಕೇನ್ರೀ?” ಎಂದು ನಮ್ಮ ಕಾಲೇಜಿನ ಸಹೋದ್ಯೋಗಿ ಮಿತ್ರರೊಬ್ಬರು ಮೊನ್ನೆ ಕೇಳಿದರು. ಅವರು ಅರ್ಥಶಾಸ್ತ್ರದವರು, ಲೆಕ್ಕ ಬಲ್ಲವರು. ಅವರ ಆಕ್ಷೇಪಣೆಯನ್ನು ಹಗುರಾಗಿ ತಳ್ಳಿಹಾಕುವ ಹಾಗಿಲ್ಲ. ಯಲ್ಲಾಪುರದ ಒಳಹಳ್ಳಿಗಳ ಜನಕ್ಕೆ ಹೊತ್ತಿಗೆ ಸರಿಯಾಗಿ ಬಸ್ಸು ಬಂದರೆ ಅದೇ ಹಬ್ಬ; ಮಳೆಗಾಲದಲ್ಲಿ ಅದೂ ಅನುಮಾನ. ಅಂಥ ತಾಲ್ಲೂಕಿನ ಪಕ್ಕದಲ್ಲಿ ಕುಳಿತು, ರಿಪೇರಿಗೆ ಬಿಟ್ಟ ಕಾರಿಗೆ ಬದಲಾಗಿ ಇನ್ನೊಂದು ಕಾರು ಕೊಡಲಿಲ್ಲವೆಂದು ಕೂಗಾಡುವುದು ಮರ್ಯಾದಸ್ಥರ ಲಕ್ಷಣವೇ? ನನಗೆ ಸ್ವಂತ ಕಾರಿಲ್ಲ. ಹದಿಮೂರು ವರ್ಷದ ಒಂದು ಸ್ಕೂಟರಿದೆ. ಚಳಿಗಾಲದ ಬೆಳಿಗ್ಗೆ ಅದೂ ನನ್ನ ಮಾತು ಕೇಳುವುದಿಲ್ಲ. ಆದರೂ ಬರೆಯುತ್ತೇನೆ. ಓದಿ ಮುಗಿಸಿದ ಮೇಲೆ ವಾಚಕರು ನನ್ನ ಮಿತ್ರರ ಪಕ್ಷವನ್ನೇ ವಹಿಸಿದರೆ ನನಗೆ ಬೇಸರವಿಲ್ಲ.

ನನ್ನ ಹೆಂಡತಿಯ ಅಣ್ಣ, ಅಂದರೆ ನನಗೆ ಭಾವ, ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿಯ ಅಡಿಕೆ ಬೆಳೆಗಾರರು. ನಾಲ್ಕು ಎಕರೆ ತೋಟ, ಕೊಟ್ಟಿಗೆಯಲ್ಲಿ ಎರಡು ಆಕಳು, ಬೆಂಗಳೂರಿನ ಕಂಪ್ಯೂಟರ್ ಕಂಪನಿಯೊಂದರಲ್ಲಿ ಮಗ. ಅಡಿಕೆಯ ಧಾರಣೆ ಚೆನ್ನಾಗಿದ್ದ ಕಾಲದಲ್ಲಿ, 2022ರಲ್ಲಿ, ತೋಟದ ಹಣ, ಮಗನ ಹಣ, ಬ್ಯಾಂಕಿನ ಸಾಲ ಮೂರನ್ನೂ ಕೂಡಿಸಿ 47 ಲಕ್ಷದ ಒಂದು ಜರ್ಮನ್ ಕಾರು ಕೊಂಡರು. ಶೋಕಿಯೇ ಎಂದರೆ, ಸ್ವಲ್ಪ ಶೋಕಿಯೂ ಇದ್ದಿರಬೇಕು. ನಾನೇಕೆ ಸುಳ್ಳು ಹೇಳಲಿ? ಆದರೆ ಮನೆಯಲ್ಲಿ ಎಂಬತ್ತು ದಾಟಿದ ಮಾವನವರಿದ್ದಾರೆ. ಹೃದಯದ ಕಾಯಿಲೆ. ಮೂರು ತಿಂಗಳಿಗೊಮ್ಮೆ ಮಣಿಪಾಲದ ಆಸ್ಪತ್ರೆಗೆ ಹೋಗಲೇಬೇಕು. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಅದೇ 2022ರಲ್ಲಿ ಜಿಲ್ಲೆಯ ಜನ ಎಬ್ಬಿಸಿದ ಕೂಗು ಎಲ್ಲರಿಗೂ ನೆನಪಿರಬಹುದು. ಆಸ್ಪತ್ರೆ ದೂರವಿರುವ ಸೀಮೆಯಲ್ಲಿ, ಘಟ್ಟದ ತಿರುವುಗಳಲ್ಲಿ ಮುದುಕರ ಎದೆ ಅಲುಗದ ಹಾಗೆ ಕರೆದೊಯ್ಯುವ ಗಾಡಿಯೊಂದು ಬೇಕೆಂದು ಮಗನಾದವನು ಬಯಸಿದರೆ ಅದಕ್ಕೆ ಐಷಾರಾಮವೆಂದು ಹೆಸರಿಡುವುದು ಸುಲಭ. ರೈಲು ಶಿರಸಿಗೂ ಇಲ್ಲ, ಸಿದ್ದಾಪುರಕ್ಕೂ ಇಲ್ಲ, ಯಲ್ಲಾಪುರಕ್ಕೂ ಇಲ್ಲ.

ಗಾಡಿ ಮಾರುವ ದಿನದ ವೈಭವವನ್ನು ನಾನು ಕಣ್ಣಾರೆ ಕಂಡವನು. ಅಂಗಡಿ ಇರುವುದು ಘಟ್ಟದ ಸೀಮೆಯ ಆಚೆಯ ಒಂದು ದೊಡ್ಡ ಊರಿನಲ್ಲಿ. ಊರಿನ ಹೆಸರಾಗಲಿ ಅಂಗಡಿಯ ಹೆಸರಾಗಲಿ ಇಲ್ಲಿ ಬೇಡ. ಕಾರಿಗೆ ಕೆಂಪು ವಸ್ತ್ರದ ಮುಸುಕು, ಭಾವನ ಹೆಗಲಿಗೆ ಶಾಲು, ಒಂದು ಕೇಕು, ಆಳೆತ್ತರದ ರಟ್ಟಿನ ಕೀಲಿಕೈ, ಅದನ್ನು ಹಿಡಿದುಕೊಂಡು ಫೋಟೋ. ಅಂದು ಭಾವ, ಮಗನ ಒತ್ತಾಯಕ್ಕೆ, ಪ್ಯಾಂಟು ಹಾಕಿದ್ದರು. ವ್ಯವಸ್ಥಾಪಕರು ಎದೆಯ ಮೇಲೆ ಕೈಯಿಟ್ಟು ಹೇಳಿದರು: “ನಿಮ್ಮ ಗಾಡಿ ನಮ್ಮಲ್ಲಿ ಎರಡು ದಿನಕ್ಕಿಂತ ಹೆಚ್ಚು ನಿಂತರೆ, ನಮ್ಮ ಗಾಡಿ ನಿಮ್ಮ ಅಂಗಳದಲ್ಲಿರುತ್ತದೆ, ಸರ್.” ಈ ಮಾತನ್ನು ಯಾರೂ ಬರೆದುಕೊಡಲಿಲ್ಲ. ಬರೆಸಿಕೊಳ್ಳಬೇಕೆಂದು ನಮಗೂ ತೋಚಲಿಲ್ಲ. ಶಾಲು ಹೊದಿಸಿದವನ ಮಾತನ್ನು ಕಾಗದದ ಮೇಲೆ ಕೇಳುವುದು ನಮ್ಮ ಕಡೆಯವರಿಗೆ ಸಂಕೋಚ.

2024ರ ಜುಲೈ ತಿಂಗಳು. ಮಳೆ ಹಿಡಿದು ಎಂಟು ದಿನವಾಗಿತ್ತು. ಒಂದು ಬೆಳಿಗ್ಗೆ ಕಾರಿನ ಮುಂಭಾಗದ ಫಲಕದಲ್ಲಿ ಇದ್ದ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು, ಗಾಡಿ ಅಲ್ಲಾಡಲಿಲ್ಲ. ಮುಚ್ಚಳ ತೆಗೆದು ನೋಡಿದರೆ, ಜರ್ಮನಿಯ ತಂತಿಯನ್ನು ಸಿದ್ದಾಪುರದ ಇಲಿ ಕಡಿದು ಹಾಕಿತ್ತು. ಬೆಚ್ಚಗಿನ ಜಾಗ ಹುಡುಕುವ ಇಲಿಗೆ ಕಂಪನಿಯ ಭೇದವೆಲ್ಲಿ? ಲಾರಿಯ ಮೇಲೆ ಕಾರು ಹೊರಟಿತು. ಹಿಂದಿನಿಂದ ಬಸ್ಸಿನಲ್ಲಿ ಭಾವ ಹೊರಟರು. ಜೊತೆಗೆ, ಇಂಗ್ಲಿಷಿನ ಕಾಗದ ಓದುವುದಕ್ಕೆಂದು, ನಾನು. ಕನ್ನಡ ಕಲಿಸಿ ಹೊಟ್ಟೆ ಹೊರೆಯುವವನನ್ನು ನೆಂಟರು ಇಂಗ್ಲಿಷ್ ಓದಲು ಕರೆದೊಯ್ಯುತ್ತಾರೆ. ಇದು ನಮ್ಮ ಕಾಲದ ಇನ್ನೊಂದು ವಿನೋದ, ಅದಿರಲಿ.

ಅಂದು ಭಾವ ಉಟ್ಟದ್ದು ಪಂಚೆ. ಅರ್ಧ ತೋಳಿನ ಅಂಗಿ, ನೀರು ತೊಟ್ಟಿಕ್ಕುವ ಕೊಡೆ, ಸೊಂಟದಲ್ಲಿ ಕವಳದ ಸಂಚಿ. ಗಾಜಿನ ಬಾಗಿಲಿನ ಒಳಗೆ ನಿಂತಿದ್ದ ಹುಡುಗಿ ನಗುತ್ತಲೇ ಕೇಳಿದಳು: “ಡ್ರೈವರಾ? ಓನರ್ ಬಂದಿಲ್ವಾ?” ಭಾವ ಉತ್ತರ ಹೇಳುವ ಮೊದಲೇ ಆಕೆ ಬಲಗಡೆಯ ಒಂದು ಬಾಗಿಲು ತೋರಿಸಿದಳು. ಡ್ರೈವರುಗಳ ಕೋಣೆ. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೊಂದು ಪಂಖ, ಮೂಲೆಯಲ್ಲಿ ನೀರಿನ ಡಬ್ಬ. ಎಡಗಡೆ, ಗಾಜಿನಾಚೆ, ಸೋಫಾಗಳು, ತಣ್ಣನೆಯ ಗಾಳಿ, ಗುಂಡಿ ಒತ್ತಿದರೆ ಕಾಫಿ ಸುರಿಸುವ ಯಂತ್ರ. ನನಗೆ ಮೈ ಉರಿಯಿತು. ಭಾವ ಮಾತ್ರ ಆರಾಮಾಗಿ ಕುಳಿತು, ಕವಳ ಹಾಕಿ, ಪಕ್ಕದ ಡ್ರೈವರನೊಂದಿಗೆ ಅವನ ಊರಿನ ಮೆಣಸಿನಕಾಯಿ ಬೆಳೆಯ ವಿಚಾರ ಮಾತಾಡತೊಡಗಿದರು.

ನನ್ನ ಅರ್ಥಶಾಸ್ತ್ರದ ಮಿತ್ರರು ಇಲ್ಲೇ ಒಂದು ಗಳಿಗೆ ನಿಲ್ಲಬೇಕು. ನಾನು ಕೋಪಗೊಂಡದ್ದು ಯಾತಕ್ಕೆ? ಮಾಲಿಕರನ್ನು ಡ್ರೈವರೆಂದು ತಿಳಿದರು ಎಂದೇ? ಹಾಗಾದರೆ ಡ್ರೈವರನಿಗೆ ಆ ಕೋಣೆ ಸಾಕು ಎಂದು ನಾನೂ ಒಪ್ಪಿದ ಹಾಗಾಯಿತು. ಮುನ್ನೂರು ಮೈಲಿ ಗಾಡಿ ಹೊಡೆದುಕೊಂಡು ಬಂದವನಿಗೆ ಬೆನ್ನು ಚಾಚಲು ಮೆತ್ತೆ ಬೇಡ, ಅವನ ಧಣಿಗೆ ಬೇಕು ಎಂಬ ವ್ಯವಸ್ಥೆಯನ್ನು ಕಟ್ಟಿದವರೇ ಪಂಚೆಯನ್ನು ನೋಡಿ ಬಾಗಿಲು ತೋರಿಸಿದರು. ಎರಡೂ ಒಂದೇ ಕಣ್ಣಿನ ಕೆಲಸ. ಇದು ನನಗೆ ಆಗ ಹೊಳೆಯಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಹೊಳೆಯಿತು.

ಅರ್ಧ ತಾಸಿನ ಮೇಲೆ ಅಧಿಕಾರಿಯೊಬ್ಬರು ಬಂದು, ತಂತಿಯ ಕಟ್ಟು ದೂರದಿಂದ ಬರಬೇಕು, ಹತ್ತು ದಿನವಾದರೂ ಬೇಕು ಎಂದರು. ಬದಲಿ ಕಾರಿನ ಮಾತೆತ್ತಿದಾಗ, “ಎಲ್ಲ ಗಾಡಿಗಳೂ ಹೊರಗಿವೆ, ಸರ್. ಇಲಿಯ ಕೇಸಿಗೆ ಹೇಗೂ ಕೊಡುವ ಪದ್ಧತಿ ಇಲ್ಲ” ಎಂದರು. ಗಾಡಿ ಇಲ್ಲವೋ, ಪದ್ಧತಿ ಇಲ್ಲವೋ? ಎರಡು ಕಾರಣ ಒಟ್ಟಿಗೆ ಬಂದಾಗ ಎರಡನ್ನೂ ನಂಬಬಾರದೆಂದು ಪರೀಕ್ಷಾ ಕೊಠಡಿಯಲ್ಲಿ ಇಪ್ಪತ್ತು ವರ್ಷ ಮೇಲ್ವಿಚಾರಣೆ ಮಾಡಿದವನಿಗೆ ಗೊತ್ತು. ಅಷ್ಟರಲ್ಲಿ ಕಪ್ಪು ಕನ್ನಡಕದ ಮಹನೀಯರೊಬ್ಬರು ಬಂದರು. ಹತ್ತು ನಿಮಿಷ ಕಾಫಿ ಕುಡಿದರು. ತಮ್ಮ ಕಾರನ್ನು ಅಲ್ಲಿ ಬಿಟ್ಟು, ಅಂಗಡಿಯವರ ಬಿಳಿಯ ಕಾರೊಂದನ್ನು ತೆಗೆದುಕೊಂಡು ಹೋದರು. ಅವರ ಗಾಡಿಗೆ ಎರಡು ದಿನದ ಬಣ್ಣದ ಕೆಲಸವಿತ್ತಂತೆ.

ಈ ‘ಅಂತೆ’ಯನ್ನು ನನಗೆ ಹೇಳಿದವನು ಯಲ್ಲಾಪುರ ಕಡೆಯ ಒಬ್ಬ ಹುಡುಗ. ನಮ್ಮ ಕಾಲೇಜಿನಲ್ಲಿ ಓದಿದವನು, ನನ್ನ ತರಗತಿಯಲ್ಲಿ ಹಿಂದಿನ ಬೆಂಚು. ಆ ಅಂಗಡಿಯಲ್ಲಿ ಕಾಗದಪತ್ರದ ಕೆಲಸದಲ್ಲಿದ್ದ. (ಈಗ ಅವನು ಆ ಕೆಲಸ ಬಿಟ್ಟಿದ್ದಾನೆ; ಆದ್ದರಿಂದ ಬರೆಯಬಹುದು.) ನನ್ನನ್ನು ಕಂಡು ಮೇಜಿನ ಹಿಂದಿನಿಂದ ಎದ್ದು ಬಂದ, ಮುಖ ಸಣ್ಣದು ಮಾಡಿಕೊಂಡು. ಬದಲಿ ಕಾರುಗಳಿಗೊಂದು ಪಟ್ಟಿಯಿದೆ, ಅದಕ್ಕೆ ಮೂರು ಅಂಕಣಗಳಿವೆ ಎಂದ. ಎರಡು ಮೂರು ವರ್ಷಕ್ಕೊಮ್ಮೆ ಹೊಸ ಗಾಡಿ ಕೊಳ್ಳುವವರು, ಇನ್ನು ನಾಲ್ಕು ಜನರನ್ನು ಕರೆತರುವವರು, ಊರಿನಲ್ಲಿ ಹೆಸರಿದ್ದವರು ಮೊದಲನೆಯದರಲ್ಲಿ. ಸಾಧಾರಣದವರು ಎರಡನೆಯದರಲ್ಲಿ. “ಮೂರನೆಯದು?” ಎಂದೆ. “ಒಂದೇ ಗಾಡಿ ತಗೊಂಡು ಹದಿನೈದು ವರ್ಷ ಇಟ್ಟುಕೊಳ್ಳೋರು, ಸರ್. ದೂರದ ಊರಿನವರು. ಕೊಟ್ಟ ಗಾಡಿ ಹಳ್ಳಿ ರಸ್ತೇಲಿ ಕೆಡುತ್ತೆ ಅಂತಾರೆ.”

ಎಂಥ ಲೆಕ್ಕಾಚಾರ ನೋಡಿ! ಅಂಗಡಿಯಿಂದ ಹತ್ತು ನಿಮಿಷದ ದಾರಿಯಲ್ಲಿರುವವನಿಗೆ, ಆಟೋದಲ್ಲಿ ಮನೆ ಸೇರಬಲ್ಲವನಿಗೆ, ಬದಲಿ ಕಾರು ಉಂಟು. ಬಸ್ಸಿಗಾಗಿ ಕಾದು, ಶಿರಸಿಯಲ್ಲಿಳಿದು, ಅಲ್ಲಿಂದ ಸಿದ್ದಾಪುರದ ಬಸ್ಸು ಹಿಡಿದು, ಕೊನೆಯ ನಾಲ್ಕು ಮೈಲಿ ಯಾರದಾದರೂ ಬೈಕಿನ ಹಿಂದೆ ಕುಳಿತು ಹೋಗಬೇಕಾದವನಿಗೆ ಇಲ್ಲ. ಅಗತ್ಯ ಹೆಚ್ಚಿದಷ್ಟೂ ಅರ್ಹತೆ ಕಡಮೆ! ಕಾಯಿಲೆ ಬಿದ್ದವನಿಗೆ ಮದ್ದು ಕೊಟ್ಟರೆ ಮದ್ದು ಖರ್ಚಾಗುತ್ತದೆ, ಗಟ್ಟಿಮುಟ್ಟಾದವನಿಗೆ ಕೊಡೋಣ ಎಂದ ವೈದ್ಯನ ಹಾಗೆ. ನಾನು ಜಗಳಕ್ಕೆ ನಿಲ್ಲುವವನಿದ್ದೆ. ಭಾವ ಕೊಡೆ ಎತ್ತಿಕೊಂಡು, “ಬಸ್ಸು ಇದ್ದಲ ಭಾವ, ಹೋಪನ” ಎಂದರು. ಕಾರು ಬಂದದ್ದು ಇಪ್ಪತ್ತಮೂರು ದಿನಗಳ ಮೇಲೆ. ನಡುವೆ ಮಾವನವರ ಮಣಿಪಾಲದ ದಿನ ಬಂತು. ಬಾಡಿಗೆ ಜೀಪಿನಲ್ಲಿ ಮುದುಕರು ಹೋಗಿಬಂದರು. ಬಂದ ಮೇಲೆ ಎರಡು ದಿನ ಮಲಗಿದ್ದರು. ಏನೂ ಅನಾಹುತವಾಗಲಿಲ್ಲ. ಅನಾಹುತವಾಗದಿದ್ದರೆ ನಮ್ಮ ಜನ ಅದನ್ನು ದೂರೆಂದೇ ಎಣಿಸುವುದಿಲ್ಲ.

ಇದು ನಮ್ಮ ಭಾವನೊಬ್ಬರ ಕತೆಯಾಗಿದ್ದರೆ ಈ ಪುಟದ ಜಾಗವನ್ನು ನಾನು ಕೇಳುತ್ತಿರಲಿಲ್ಲ. 2022ರ ಜನವರಿಯಲ್ಲಿ ತುಮಕೂರಿನ ಮಹೀಂದ್ರ ಶೋರೂಮಿನಲ್ಲಿ ನಡೆದುದನ್ನು ನಾಡೆಲ್ಲ ಓದಿದೆ. ಹತ್ತಿರದ ಹಳ್ಳಿಯ ರೈತರೊಬ್ಬರು ಬೊಲೆರೊ ಪಿಕಪ್ ಗಾಡಿ ಕೊಳ್ಳಲು ಹೋದರು. ಜೇಬಿನಲ್ಲಿ 10 ರೂಪಾಯಿ ಇಲ್ಲದವರು 10 ಲಕ್ಷದ ಗಾಡಿ ಕೇಳುತ್ತಾರೆಂಬ ಅರ್ಥದ ಹಗುರ ಮಾತನ್ನು ಅಲ್ಲಿನ ಮಾರಾಟಗಾರ ಆಡಿದನೆಂಬುದು ಅವರ ದೂರು. ಅವರು ಹೊರಗೆ ಹೋಗಿ, ಸುಮಾರು ಒಂದು ಗಂಟೆಯೊಳಗೆ 10 ಲಕ್ಷ ತಂದು ಮುಂದಿಟ್ಟು, ಇಂದೇ ಗಾಡಿ ಕೊಡಿ ಎಂದರು. ಗಾಡಿ ಕೊಡಲಾಗಲಿಲ್ಲ, ಪ್ರಕರಣ ಪೊಲೀಸ್ ಠಾಣೆಗೆ ಹೋಯಿತು. ಕಂಪನಿಯ ಅಧ್ಯಕ್ಷರಾದ ಆನಂದ ಮಹೀಂದ್ರ ಅವರೇ ವ್ಯಕ್ತಿಯ ಘನತೆಯ ಬಗ್ಗೆ ಬಹಿರಂಗವಾಗಿ ಬರೆಯಬೇಕಾಯಿತು. ಕಂಪನಿ ವಿಷಾದ ಸೂಚಿಸಿ, ತಿಂಗಳು ಮುಗಿಯುವ ಹೊತ್ತಿಗೆ ಗಾಡಿ ತಲುಪಿಸಿತು. ಇನ್ನು, ನಾವು ಡ್ರೈವರುಗಳ ಕೋಣೆಯಲ್ಲಿ ಕುಳಿತ ಅದೇ 2024ರ ಜುಲೈಯಲ್ಲಿ, ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಮಗನೊಂದಿಗೆ ಸಿನಿಮಾಕ್ಕೆ ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರನ್ನು ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು. ಸರ್ಕಾರ ಆ ಮಾಲನ್ನು 7 ದಿನ ಮುಚ್ಚಿಸಿತು.

ಜನ ಈ ಎರಡು ಸುದ್ದಿಗಳನ್ನು ಸವಿದು ಓದಿದರು. ನನಗೂ ಸಂತೋಷವಾಯಿತು, ಆದರೆ ಪೂರ್ತಿ ಸಂತೋಷವಲ್ಲ. ಅಲ್ವಾರಿನ ಮಹಾರಾಜರು ಲಂಡನ್ನಿನ ರೋಲ್ಸ್ ರಾಯ್ಸ್ ಅಂಗಡಿಯಲ್ಲಿ ಅವಮಾನಗೊಂಡು, ಕಾರುಗಳನ್ನು ಕೊಂಡು ತಂದು ಕಸ ಹೊಡೆಯಲು ಹಚ್ಚಿದರೆಂಬ ದಂತಕಥೆಯನ್ನು ನಮ್ಮ ಚಹದಂಗಡಿಗಳಲ್ಲಿ ಇಂದಿಗೂ ಹೇಳುತ್ತಾರೆ. ಅದಕ್ಕೆ ಆಧಾರ ಕೇಳಿದರೆ ಹೇಳುವವನು ಸಿಟ್ಟಾಗುತ್ತಾನೆ. ಈ ಕತೆಗಳಲ್ಲೆಲ್ಲ ಒಂದು ದೋಷವಿದೆ. ಪಂಚೆಯವನ ಹತ್ತಿರ ಕೊನೆಗೆ ಹಣ ಇತ್ತು ಎಂದು ತೋರಿಸಿ ಅವು ಗೆಲ್ಲುತ್ತವೆ. ಹಣ ಇರದಿದ್ದರೆ? ತುಮಕೂರಿನ ಆ ರೈತರಿಗೆ ಅಂದು 10 ಲಕ್ಷ ಒದಗದೆ ಹೋಗಿದ್ದರೆ ಮಾರಾಟಗಾರನ ಮಾತು ಸರಿಯಾಗುತ್ತಿತ್ತೇ? ಬೆಲೆ ವಿಚಾರಿಸಿ, ನೋಡಿ, ಮುಟ್ಟಿ, ಕೊಳ್ಳದೆ ಹೋಗುವ ಹಕ್ಕು ಗಿರಾಕಿಗೆ ಇಲ್ಲವೇ?

ದೂರದ ಗಿರಾಕಿಯನ್ನು ಹೇಗೆ ನಡೆಸಿಕೊಳ್ಳಬಹುದೆಂಬುದಕ್ಕೆ ಮೋಟಾರು ವ್ಯಾಪಾರದಲ್ಲೇ ಒಂದು ಹಳೆಯ ದೃಷ್ಟಾಂತವಿದೆ. ಜಪಾನಿನ ಟೊಯೋಟ ಕಂಪನಿ 1989ರಲ್ಲಿ ಲೆಕ್ಸಸ್ ಎಂಬ ಹೆಸರಿನಿಂದ ಅಮೆರಿಕದಲ್ಲಿ ದುಬಾರಿ ಕಾರುಗಳ ಮಾರಾಟ ಆರಂಭಿಸಿತು. ಕೆಲವೇ ತಿಂಗಳಲ್ಲಿ ದೋಷ ಕಂಡುಬಂದು, ಮಾರಿದ ಸುಮಾರು 8,000 ಗಾಡಿಗಳನ್ನು ತಿದ್ದಿಕೊಡಬೇಕಾಯಿತು. ಹೊಸ ಹೆಸರು ಹುಟ್ಟುತ್ತಲೇ ಸಾಯಬೇಕಾದ ಗಳಿಗೆ. ಅವರು ಮಾಡಿದ್ದೇನು? ಗಿರಾಕಿಗಳ ಮನೆಗೆ ಹೋಗಿ ಗಾಡಿ ತಂದರು, ಬದಲಿ ಗಾಡಿ ಬಿಟ್ಟರು, ದುರಸ್ತಿ ಮಾಡಿ ತೊಳೆದು ಎಣ್ಣೆ ತುಂಬಿಸಿ ಮರಳಿಸಿದರು. ಮಾರಾಟದ ಮಳಿಗೆ ಹತ್ತಿರವಿಲ್ಲದ ಊರುಗಳಿಗೆ ಕೆಲಸಗಾರರನ್ನೇ ಕಳುಹಿಸಿದರು. ದಾನಬುದ್ಧಿಯಿಂದ ಅಲ್ಲ, ವ್ಯಾಪಾರದ ಬುದ್ಧಿಯಿಂದಲೇ. ನಮ್ಮ ಅಂಗಡಿಯವರು ಯಾವ ಲೆಕ್ಕದಿಂದ ದೂರದವನನ್ನು ಮೂರನೆಯ ಅಂಕಣಕ್ಕೆ ನೂಕಿದರೋ, ಅದೇ ಲಾಭದ ಲೆಕ್ಕದಿಂದ ಅವರು ದೂರದವನ ಮನೆಬಾಗಿಲಿಗೆ ಹೋದರು.

ಅಷ್ಟು ದೂರವೇಕೆ ಹೋಗಬೇಕು? ನನ್ನ ತಂದೆ ಯಲ್ಲಾಪುರ ತಾಲ್ಲೂಕಿನ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ದಿನಕ್ಕೆ ಆರು ಮೈಲಿ ಸೈಕಲ್ಲು. ಅದು ಕೆಟ್ಟಾಗ ಪೇಟೆಯ ಸೈಕಲ್ ಅಂಗಡಿಗೆ ಬಿಟ್ಟರೆ, ಆ ಅಂಗಡಿಕಾರ ಗೋಡೆಗೆ ಒರಗಿಸಿಟ್ಟ ತನ್ನದೇ ಹಳೆಯ ಸೈಕಲ್ಲನ್ನು ಮುಂದೆ ದೂಡುತ್ತಿದ್ದ. “ಹಿಂದಿನ ಬ್ರೇಕು ಹಿಡಿಯೋದಿಲ್ಲ ಮಾಸ್ತರೆ, ಇಳಿಜಾರಿನಲ್ಲಿ ಕಾಲು ಕೊಡಿ” ಎನ್ನುತ್ತಿದ್ದ. ಅಷ್ಟೇ. ಬಾಡಿಗೆ ಇಲ್ಲ, ಬರಹವಿಲ್ಲ. ಶಾಲೆಯ ಮಾಸ್ತರರಿಗೂ ಕೊಟ್ಟ, ಹಾಲು ಹಾಕುವವನಿಗೂ ಕೊಟ್ಟ. ಮೊದಲು ಬಂದವರಿಗೆ ಮೊದಲು. ಅವನು ಎರಡು ಕೆಲಸ ಮಾಡುತ್ತಿದ್ದ ಎಂಬುದನ್ನು ಗಮನಿಸಬೇಕು: ಗಾಡಿ ಕೊಡುತ್ತಿದ್ದ, ಗಾಡಿಯ ದೋಷವನ್ನೂ ಬಾಯಿಬಿಟ್ಟು ಹೇಳುತ್ತಿದ್ದ.

ಅವನಿಗೆ ಗೊತ್ತಿರಲಿಲ್ಲ, ಆದರೆ ಅದು ಕಾನೂನು. 1872ರ ಭಾರತೀಯ ಕರಾರು ಅಧಿನಿಯಮದ 150ನೆಯ ಕಲಮು ಇದನ್ನೇ ಹೇಳುತ್ತದೆ: ವಸ್ತುವನ್ನು ಇನ್ನೊಬ್ಬರ ಕೈಗೆ ಬಳಕೆಗೆ ಒಪ್ಪಿಸುವವನು ತನಗೆ ತಿಳಿದಿರುವ, ಅಪಾಯಕಾರಿಯಾದ ದೋಷವನ್ನು ತಿಳಿಸಬೇಕು, ತಿಳಿಸದೆ ಹಾನಿಯಾದರೆ ಹೊಣೆ ಅವನದು. ಬಾಡಿಗೆ ಪಡೆದು ಕೊಟ್ಟಿದ್ದರೆ, ದೋಷ ತನಗೆ ಗೊತ್ತಿರಲಿಲ್ಲವೆಂದರೂ ಬಿಡುವುದಿಲ್ಲ. ಮುಂದಿನ 151ನೆಯ ಕಲಮಿನ ಪ್ರಕಾರ, ನಾವು ಒಪ್ಪಿಸಿದ ಗಾಡಿಯನ್ನು ಅಂಗಡಿಯವನು ವಿವೇಕಿಯಾದವನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳಬೇಕು. ಇದೂ ಹೊಸದಲ್ಲ. ಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನ ಕಾಲಕ್ಕಾಗಲೇ, ಕಾಪಾಡಲು ಒಪ್ಪಿಸಿದ ‘ನಿಕ್ಷೇಪ’ಕ್ಕೂ, ಮದುವೆ ಮುಂಜಿಗೆಂದು ಕೇಳಿ ತಂದ ಒಡವೆ ವಸ್ತ್ರದಂಥ ‘ಯಾಚಿತ’ಕ್ಕೂ ನಿಯಮವಿತ್ತು. ನಮ್ಮ ಅಂಗಡಿಗಳು ಬದಲಿ ಕಾರು ಕೊಡುವಾಗ ಸಹಿ ಹಾಕಿಸಿಕೊಳ್ಳುವ ಇಂಗ್ಲಿಷ್ ಕಾಗದವೊಂದನ್ನು ಆ ಹುಡುಗ ನನಗೆ ತೋರಿಸಿದ. ಎರಡು ಪುಟ. ಅದರಲ್ಲಿ ಗಿರಾಕಿಯ ಹೊಣೆ ಮೊದಲಿನಿಂದ ಕಡೆಯವರೆಗೂ ಇದೆ. ಅಂಗಡಿಯ ಹೊಣೆಯನ್ನು ನಾನು ಕನ್ನಡಕ ಒರೆಸಿಕೊಂಡು ಹುಡುಕಿದೆ.

ಮಾತಿಗೆ ಮಾತು ಬಂತು. ನನ್ನ ಕಸುಬಿನ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಈ ಕಾರಿಗೆ ಕನ್ನಡದಲ್ಲಿ ‘ಎರವಲು ಕಾರು’ ಎನ್ನುತ್ತಾರೆ. ‘ಎರೆ’ ಎಂದರೆ ಬೇಡು. ತಮಿಳಿನ ‘ಇರ’ ಅದರ ಒಡಹುಟ್ಟು. ಎರವು, ಎರವಲು ಎಲ್ಲ ಆ ಬೇಡುವ ಕೈಯಿಂದ ಬಂದವು. ಸಂಸ್ಕೃತದ ‘ಯಾಚಿತ’ವೂ ಅದೇ ಜಾಡಿನದು. ನೆರೆಮನೆಯಿಂದ ಹಂಡೆ ತಂದರೆ ಎರವಲು ಸರಿ. ನೆರೆಯವನಿಗೆ ಕೊಡಬೇಕೆಂಬ ಕಟ್ಟಿಲ್ಲ. ಆದರೆ 47 ಲಕ್ಷ ಎಣಿಸಿಕೊಂಡು, ನಿಮ್ಮ ಅಂಗಳದಲ್ಲಿ ನಮ್ಮ ಗಾಡಿ ಇರುತ್ತದೆಂದು ಹೇಳಿದವನ ಮುಂದೆ ನಿಂತವನು ಬೇಡುವವನೇ? ಅದು ಬದಲಿ. ‘ಬದಲಿ’ ಅರಬ್ಬಿಯಿಂದ ಬಂದ ಪದ, ಶುದ್ಧ ಕನ್ನಡವಲ್ಲವೆಂದು ಯಾರಾದರೂ ಮೂಗು ಮುರಿದರೆ ಮುರಿಯಲಿ. ಒಂದಕ್ಕೆ ಒಂದು, ತೆಗೆದುಕೊಂಡದ್ದಕ್ಕೆ ಕೊಟ್ಟದ್ದು, ಎಂಬ ನ್ಯಾಯ ಅದರಲ್ಲಿದೆ. ನಮ್ಮ ತೋಟಗಳಲ್ಲಿ ಇವತ್ತು ಅವರ ಮನೆಗೆ ನಾವು, ನಾಳೆ ನಮ್ಮ ಮನೆಗೆ ಅವರು ಎಂದು ಮುಯ್ಯಾಳು ಹೋಗುವುದಿಲ್ಲವೇ? ಅದನ್ನು ಯಾರೂ ಭಿಕ್ಷೆ ಎಂದಿಲ್ಲ.

ಬದಲಿ ಕಾರು ಕೊಡಲೇಬೇಕೆಂಬ ಕಾನೂನು ನಮ್ಮ ದೇಶದಲ್ಲಿ ಇಲ್ಲ, ಇದನ್ನು ಒಪ್ಪುತ್ತೇನೆ. ಆದರೆ ಕೊಡುತ್ತೇನೆಂದು ಮಾತು ಕೊಟ್ಟು ಗಾಡಿ ಮಾರಿ, ಆಮೇಲೆ ಮುಖ ನೋಡಿ ಹಂಚುವುದು ಬೇರೆ. ಕೊಳ್ಳುವ ದಿನವೇ, ಇಷ್ಟು ದಿನ ಮೀರಿದರೆ ಬದಲಿ ಗಾಡಿ ಅಥವಾ ದಿನಕ್ಕೆ ಇಷ್ಟು ರೂಪಾಯಿ ಎಂದು, ಕನ್ನಡದಲ್ಲಿ, ರಸೀದಿಯ ಜೊತೆಗೇ ಬರೆದುಕೊಡಲಿ. ಬದಲಿ ಗಾಡಿಗಳ ಪಟ್ಟಿಯನ್ನು ಬಂದ ಸರದಿಯ ಪ್ರಕಾರ ಗೋಡೆಗೆ ತೂಗುಹಾಕಲಿ. ಬರಹ ಏಕೆ ಬೇಕೆಂಬುದಕ್ಕೆ ಗೋವೆಯ ಒಂದು ಪ್ರಕರಣ ಸಾಕು. 2011ರ ಹೊಸ ಗಾಡಿಗೆ ಹಣ ಕಟ್ಟಿದ ಗಿರಾಕಿಗೆ, 2009ರಲ್ಲಿ ತಯಾರಾದ, 622 ಕಿಲೋಮೀಟರು ಓಡಿದ ಗಾಡಿ ಸಿಕ್ಕಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಡೀಲರನ ತಪ್ಪು ತಯಾರಕರಿಗೆ ಗೊತ್ತಿತ್ತೆಂದು ಸಾಬೀತಾಗದ ಹೊರತು ಅದರ ಹೊಣೆ ಅವರ ಮೇಲೆ ಬರುವುದಿಲ್ಲವೆಂದು 2021ರ ಫೆಬ್ರುವರಿಯಲ್ಲಿ ತೀರ್ಪಾಗಿ, ಟಾಟಾ ಮೋಟರ್ಸ್ ಬಿಡುಗಡೆ ಪಡೆಯಿತು. ಜರ್ಮನಿಯ ಹೆಸರು ನೋಡಿ ಹಣ ಕೊಡುವ ನಾವು, ಮಾತು ತಪ್ಪಿದಾಗ ಹಿಡಿಯಬಹುದಾದದ್ದು ಊರಿನ ಡೀಲರನ ಅಂಗಿಯ ತುದಿಯನ್ನೇ ಹೆಚ್ಚಾಗಿ.

ಆ ತುದಿಯನ್ನಾದರೂ ಹಿಡಿಯುವ ದಾರಿ ಈಗ ಹತ್ತಿರವಾಗಿದೆ. 2020ರ ಜುಲೈಯಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ, ಗಿರಾಕಿ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂಗಡಿ ಯಾವ ಊರಿನಲ್ಲಾದರೂ ಇರಲಿ, ಸಿದ್ದಾಪುರದವನಿಗೆ ಕಾರವಾರ ಸಾಕು. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. 20ರಿಂದ 50 ಲಕ್ಷದವರೆಗಿನದಕ್ಕೆ ಶುಲ್ಕ 1,000 ರೂಪಾಯಿ. ಎರಡು ವರ್ಷದೊಳಗೆ ದೂರು ಹೋಗಬೇಕು. ಅನುಮತಿ ಪಡೆದು ವೀಡಿಯೋ ಮೂಲಕವೂ ಹಾಜರಾಗಬಹುದು. ಇದನ್ನೆಲ್ಲ ನಾನು ಭಾವನಿಗೆ ಕುಳಿತು ವಿವರಿಸಿದೆ. “ಕೋರ್ಟು ಕಚೇರಿ ಬ್ಯಾಡ” ಎಂದು ಅವರು ತೋಟಕ್ಕೆ ಇಳಿದರು. ನನ್ನ ಸಿಟ್ಟಿನಲ್ಲಿ ಒಂದು ಪಾಲು ಭಾವನ ಮೇಲೂ ಇದೆ.

ಏಕೆಂದರೆ ಹೀಗೆ ತೋಟಕ್ಕೆ ಇಳಿದುಬಿಟ್ಟಿದ್ದರೆ ನಮ್ಮ ಹಿರಿಯರಿಗೆ ಅಡಿಕೆಯ ಬೆಲೆಯೂ ದಕ್ಕುತ್ತಿರಲಿಲ್ಲ. ದಲಾಲರ ವಖಾರಿಯ ಜಗುಲಿಯಲ್ಲಿ ಮುಂಗಡದ ಸಾಲಕ್ಕೆ ತಲೆತಗ್ಗಿಸಿ ಕುಳಿತು, ಅವರು ಹೇಳಿದ ತೂಕ, ಅವರು ಹೇಳಿದ ಧಾರಣೆ ಎಂದು ಬಾಳಿದ ಬೆಳೆಗಾರರೇ 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದರು. ನೂರು ವರ್ಷ ಕಳೆದ ಆ ಸಂಘದಲ್ಲಿ ಕುಂದುಕೊರತೆ ಇಲ್ಲವೆನ್ನಲಾರೆ. ಆದರೆ ತನ್ನ ಸರಕಿನ ಮುಂದೆ ತಾನು ತಲೆಯೆತ್ತಿ ನಿಲ್ಲಬಹುದೆಂಬ ಧೈರ್ಯ ಬೆಳೆಗಾರನಿಗೆ ಅಲ್ಲಿ ಬಂತು. ಮಾರುವಾಗ ಬಂದ ಆ ಧೈರ್ಯ ಕೊಳ್ಳುವಾಗ ಎಲ್ಲಿ ಹೋಗುತ್ತದೆ? ಮೂರು ತಾಲ್ಲೂಕಿನ ಕಾರಿನವರು, ಟ್ರ್ಯಾಕ್ಟರಿನವರು, ಟಿಲ್ಲರಿನವರು ಕೂಡಿ ಒಂದೇ ಕಾಗದ ಬರೆದರೆ ಯಾವ ಅಂಗಡಿಯೂ ಅದನ್ನು ಮೂರನೆಯ ಅಂಕಣಕ್ಕೆ ಹಾಕಲಾರದು.

ಇಷ್ಟು ಬರೆದ ಮೇಲೆ ನಮ್ಮ ಜಗುಲಿಯನ್ನೂ ನೋಡಿಕೊಳ್ಳಬೇಕಲ್ಲವೇ? ಪ್ರಾಣ ಕೈಯಲ್ಲಿ ಹಿಡಿದು ಮರ ಹತ್ತಿ, ಮರದಿಂದ ಮರಕ್ಕೆ ಜೀಕಿ ಕೊನೆ ಇಳಿಸುವ ಕೊನೆಗೌಡನಿಗೆ ಎಷ್ಟು ಮನೆಗಳಲ್ಲಿ ಇನ್ನೂ ಚಹಕ್ಕೆ ಬೇರೆ ಲೋಟವಿದೆ, ಕುಳಿತುಕೊಳ್ಳಲು ಬೇರೆ ಮೂಲೆಯಿದೆ! ನಮ್ಮಲ್ಲೂ ಎಡಗಡೆಯ ಕೋಣೆ, ಬಲಗಡೆಯ ಕೋಣೆ ಉಂಟು. ನಡುವೆ ಗಾಜಿಲ್ಲ, ಅಷ್ಟೇ. ಭಾವನ ಮನೆಯಲ್ಲಿ ಆ ಬೇರೆ ಲೋಟ ಹೋದದ್ದು ಅವರ ಮಗ ಜಗಳವಾಡಿದ ಮೇಲೆ. ಇದನ್ನು ಬರೆದರೆ ಅವರಿಗೆ ಬೇಸರವಾಗಬಹುದು. ಅಂಗಡಿಯವರನ್ನು ಬೈದ ಲೇಖನದಲ್ಲಿ ಇದನ್ನು ಬಿಟ್ಟರೆ ನನಗೆ ನಾಚಿಕೆಯಾಗುತ್ತದೆ.

ಆ ಅಂಗಡಿಗೆ ಭಾವನ ಹೆಸರಿನಲ್ಲಿ ನಾನೇ ಒಂದು ಕಾಗದ ಬರೆದೆ, ಕನ್ನಡದಲ್ಲಿ, ಮೂರು ಪುಟ. ಅವರ ಸಹಿ ಹಾಕಿಸಿ ರಿಜಿಸ್ಟರು ಅಂಚೆಯಲ್ಲಿ ಕಳುಹಿಸಿದೆ. ಮೂರು ವಾರಕ್ಕೆ ಇಂಗ್ಲಿಷಿನಲ್ಲಿ ಐದು ಸಾಲಿನ ಉತ್ತರ ಬಂತು. “ಡಿಯರ್ ವ್ಯಾಲ್ಯೂಡ್ ಕಸ್ಟಮರ್” ಎಂದು ಆರಂಭ. ಮುಂದಿನ ಸರ್ವೀಸಿಗೆ ನೂರಕ್ಕೆ ಹತ್ತು ರಿಯಾಯಿತಿಯ ಚೀಟಿ ಜೊತೆಗೆ. ಭಾವ ಅದನ್ನು ಪಂಚಾಂಗದ ನಡುವೆ ಇಟ್ಟಿದ್ದಾರೆ. ಕೆಲವು ದಿನಗಳ ಮೇಲೆ ಆ ಯಲ್ಲಾಪುರದ ಹುಡುಗ ಫೋನು ಮಾಡಿದ. ಸಂತೋಷದ ಸುದ್ದಿ ಎಂಬ ಧಾಟಿಯಲ್ಲಿ ಹೇಳಿದ: “ನಿಮ್ಮ ಕಾಗದ ಮೇಲಿನವರೆಗೂ ಹೋಯ್ತು, ಸರ್. ನಿಮ್ಮ ಭಾವನವರ ಹೆಸರನ್ನ ಮೊದಲನೇ ಅಂಕಣಕ್ಕೆ ಹಾಕಿದ್ದಾರೆ.”

“ಅಂಕಣಗಳು ಹಾಗೇ ಇವೆಯೇನಯ್ಯಾ?” ಎಂದೆ.

“ಇವೆ, ಸರ್.”

“ಭಾವನ ಜಾಗಕ್ಕೆ ಯಾರನ್ನು ಕೆಳಗಿಳಿಸಿದರು?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಮುಂಡಗೋಡದ ಕಡೆಯವರು ಯಾರೋ ಇದ್ದಾರೆ, ಹೆಸರು ನೋಡಿ ಹೇಳುತ್ತೇನೆ ಎಂದ.